ಕಲ್ಲೇಶಿ ಹೆಂಚು ಬೆಳಗಿದ ವಾರ

ಸಣ್ಣ ಸುಳ್ಳು ಹೇಳೋದಕ್ಕೆ ನನಗೆ ಬರೋದಿಲ್ಲ, ಬಾಯಿ ನೋಯುತ್ತೆ. ಅದಕ್ಕೇ ನಾನು ಹೇಳೋದು ಒಂದೋ ಪೂರಾ ನಿಜ, ಇಲ್ಲಾ ಆನೆ ಗಾತ್ರದ್ದು. ಇದು ಯಾವುದು ಅಂತ ನೀವೇ ತೂಕ ಹಾಕಿಕೊಳ್ಳಿ.

ತಿಪಟೂರಿನ ಕೊಬ್ಬರಿ ಮಂಡಿ ಹಿಂದಿನ ಬೀದೀಲಿ ನಮ್ಮಕ್ಕ ಸಾವಂತ್ರಮ್ಮನ ತಟ್ಟೆ ಇಡ್ಲಿ ಹೋಟ್ಲು. ನಾಕು ಬೆಂಚು, ಒಂದು ಒಲೆ, ಒಬ್ಬ ಮಗ. ಬೆಂಚು ಗಟ್ಟಿ, ಒಲೆ ಗಟ್ಟಿ. ಮಗನ ಹೆಸರು ಕಲ್ಲೇಶಿ. ಇಪ್ಪತ್ತೆಂಟು ವರ್ಷ, ಆರಡಿ ಆಳು, ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗಬೇಕು. ಅವನನ್ನ ಪೆದ್ದ ಅಂದರೆ ತಪ್ಪಾಗುತ್ತೆ. ಪೆದ್ದನಿಗೆ ಹೇಳಿದ್ದು ತಲೆಗೆ ಹೋಗೋದಿಲ್ಲ. ಇವನಿಗೆ ಹೋಗುತ್ತೆ. ಹೋದದ್ದು ಅಲ್ಲೇ ಗೂಟ ಹೊಡಕೊಂಡು ಕೂರುತ್ತೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ. ಅದೇ ರೋಗ.

"ಕಾಲಿನ ಮಂಡಿ ಹೋಯ್ತು ಕಣೋ ತಮ್ಮಾ," ಅಂದಳು ಅಕ್ಕ ಒಂದು ದಿನ. "ಒಲೆ ಮುಂದೆ ನಿಲ್ಲೋಕಾಗಲ್ಲ. ಈ ವರ್ಷ ಸೊಸೆ ಬರ್ಲಿಲ್ಲ ಅಂದ್ರೆ ಹೋಟ್ಲಿಗೆ ಬೀಗ ಹಾಕೋದೇ. ಇವನನ್ನ ಕಟ್ಕೊಂಡು ನಾನೆಲ್ಲಿಗೆ ಹೋಗ್ಲಿ?"

ಸೊಸೆ ಹುಡುಕದೇ ಇದ್ದರೆ ತಾನೆ? ಹುಡುಗಿ ಕಡೆಯೋರು ಬರೋರು, ಇಡ್ಲಿ ತಿನ್ನೋರು, ಕಲ್ಲೇಶಿ ಬಾಯಿ ಬಿಡೋನು, ಅವರು ಬಸ್ಸು ಹತ್ತೋರು. ಕೊನೆಗೆ ನಾನೇ ಹೊರಟೆ. ನಾನು ಹೊರಟರೆ ಕೇಳಬೇಕಾ? ಮೂರು ತಾಲ್ಲೂಕು ಸುತ್ತಿ, ತುರುವೇಕೆರೆಯ ಅಡುಗೆ ಕಂಟ್ರಾಕ್ಟರ್ ಮುರುಗೇಂದ್ರಪ್ಪನ ಮಗಳು ಶಿವಗಂಗೇನ ಗೊತ್ತು ಮಾಡಿಕೊಂಡು ಬಂದೆ. ಸಾವಿರ ಜನಕ್ಕೆ ಸಾರು ಕುದಿಸೋ ಹುಡುಗಿ. ಕಷ್ಟ ಏನಪ್ಪಾ ಅಂದರೆ ಅವರಪ್ಪ. ಮಗಳಿಗೆ ಬಂದ ಒಂಬತ್ತು ಗಂಡುಗಳನ್ನ ಆಸಾಮಿ ಒದ್ದು ಓಡಿಸಿದ್ದ. ಒಬ್ಬರ ಮನೇಲಿ ಸಾರು ನೀರಾಗಿತ್ತಂತೆ. ಇನ್ನೊಬ್ಬರ ಮನೆ ಸೌಟು ವಾಲಿತ್ತಂತೆ. ಮತ್ತೊಬ್ಬರ ಮನೇಲಿ ಎಲ್ಲಾ ಸರಿಯಾಗಿತ್ತಂತೆ, ಅದೇ ಅನುಮಾನ ಅಂತ ಎದ್ದು ಬಂದನಂತೆ!

"ಬರೋ ಸೋಮವಾರ ಮನೆ ನೋಡೋಕೆ ಬರ್ತಾರೆ," ಅಂದೆ.

ಅಕ್ಕ ಕಲ್ಲೇಶಿ ಕಡೆ ನೋಡಿದಳು. ಕಲ್ಲೇಶಿ ನೊಣದ ಕಡೆ ನೋಡ್ತಿದ್ದ.

"ಏಳು ದಿನ ಐತೆ," ಅಂದಳು ಅಕ್ಕ. "ಏಳು ದಿನದಲ್ಲಿ ಇವನಿಗೆ ಅಡುಗೆಮನೆ ಕಲಿಸ್ತೀನಿ. ಲೋ ಕಲ್ಲೇಶಿ! ಏಳೋ! ಆ ದೋಸೆ ಹೆಂಚು ತೊಳಿ!"

ಆ ಹೆಂಚು ಸಾಮಾನ್ಯದ್ದಲ್ಲ ಸ್ವಾಮಿ. ನಮ್ಮವ್ವನ ಕಾಲದ್ದು. ನಲವತ್ತು ವರ್ಷ ಎಣ್ಣೆ ಕುಡಿದು ಕುಡಿದು ಎಮ್ಮೆ ಬೆನ್ನಿನ ಹಾಗೆ ಕಪ್ಪಗೆ ಮಿರುಗ್ತಿತ್ತು. ಹಿಟ್ಟು ಹುಯ್ದರೆ ದೋಸೆ ತಾನೇ ಎದ್ದು ತಟ್ಟೆಗೆ ಬರೋದು. ತೊಳಿ ಅಂದರೆ ಒದ್ದೆ ಬಟ್ಟೇಲಿ ಒರೆಸು ಅಂತ, ಯಾವ ಮಗುವಿಗಾದರೂ ಗೊತ್ತು.

ಕಲ್ಲೇಶಿ ತೊಳೆದ. ಬೂದಿ ಹಾಕಿ ತಿಕ್ಕಿದ, ಸಬೀನ ಹಾಕಿ ತಿಕ್ಕಿದ, ಇಟ್ಟಿಗೆ ಪುಡಿ ಹಾಕಿ ತಿಕ್ಕಿದ. ಹೊತ್ತು ಇಳಿಯೋ ಹೊತ್ತಿಗೆ ಹೆಂಚು ಬೆಳ್ಳಿ ತಟ್ಟೆ! ಮುಖ ನೋಡಿ ಬೈತಲೆ ತೆಗೀಬಹುದು!

ಮಾರನೇ ದಿನ ಹಿಟ್ಟು ಹುಯ್ದರೆ ದೋಸೆ ಮೇಲೇಳಲಿಲ್ಲ. ಸೌಟಿಗೂ ಏಳಲಿಲ್ಲ, ಉಳಿಗೂ ಏಳಲಿಲ್ಲ.

"ಅಯ್ಯೋ ನನ್ನ ಹಣೆಬರಹವೇ! ನಮ್ಮವ್ವನ ಹೆಂಚು ಕಣೋ! ಅಡುಗೆ ಸಾಮಾನನ್ನ ಹಿಂಗೆ ತಿಕ್ತಾರೇನೋ? ಮೈತುಂಬ ಎಣ್ಣೆ ಸವರ್ಬೇಕು, ಅರ್ಧ ಈರುಳ್ಳೀಲಿ ಚೆನ್ನಾಗಿ ಉಜ್ಜಬೇಕು, ಬಟ್ಟೆ ಹೊದಿಸಿ ಇಡ್ಬೇಕು!"

"ಆಗ್ಲವ್ವ," ಅಂದ ಕಲ್ಲೇಶಿ. "ಮುಂದಿನ ಸಲ ಹಂಗೇ ಮಾಡ್ತೀನಿ."

ಮುಂದಿನ ಸಲ ಬರೋಕೆ ಎಷ್ಟು ಹೊತ್ತು?

ಪಕ್ಕದ ಮನೆ ಜಯಶೀಲಮ್ಮನ ಹತ್ತಿರ ಒಂದು ಮಿಕ್ಸಿ ಇತ್ತು. ಮದುವೇಲಿ ಬಂದದ್ದು. ಹನ್ನೊಂದು ವರ್ಷ ಆದರೂ ಅದು ಒಂದು ಮೆಣಸಿನಕಾಯಿ ಮುಖ ಕಂಡಿರಲಿಲ್ಲ. ಕುಸುರಿ ಹಾಕಿದ ಕವರು ತೊಟ್ಟು ಟೀವಿ ಪಕ್ಕ ಮದುವೆ ಹೆಣ್ಣಿನ ಹಾಗೆ ಕೂತಿತ್ತು. ಆಯಮ್ಮ ಚಟ್ನಿ ರುಬ್ಬೋದು ಒರಳಲ್ಲಿ, ನೆಂಟರಿಗೆ ತೋರಿಸೋದು ಮಿಕ್ಸಿ. ಅಂಥಾದ್ದನ್ನ ಅಕ್ಕ ಕೈ ಮುಗಿದು, ಕಾಲು ಹಿಡಿದು, ಅರ್ಧ ದಿನಕ್ಕೆ ಅಂತ ಈಸ್ಕೊಂಡು ಬಂದಳು. ಮಗನಿಗೆ ಚಟ್ನಿ ಕಲಿಸಬೇಕಲ್ಲ! ಚಟ್ನಿ ಆಯ್ತು. ಚೆನ್ನಾಗೇ ಆಯ್ತು.

"ಮಿಕ್ಸಿ ಶುಚಿ ಮಾಡಿ ಜಯಶೀಲಮ್ಮಂಗೆ ಕೊಟ್ಟು ಬಾರೋ," ಅಂದಳು.

ಕೊಟ್ಟು ಬಂದ. ಆ ಸಂಜೆ ಜಯಶೀಲಮ್ಮನ ಮನೆಗೆ ಅರಸೀಕೆರೆಯಿಂದ ನಾದಿನಿ ಬಂದಿದ್ದಳು, ರೇಷ್ಮೆ ಸೀರೆ ಉಟ್ಟು. "ನೋಡ್ರೀ, ನಮ್ಮ ಮಿಕ್ಸಿ. ಇವತ್ತಿಗೂ ಹೊಸದರ ಹಾಗೇ ಐತೆ," ಅಂತ ಜಯಶೀಲಮ್ಮ ಕವರು ತೆಗೆದು, ಗುಂಡಿ ತಿರುಗಿಸಿದಳು.

ಬುಸ್ಸ್! ಮಿಕ್ಸಿ ಹೊಟ್ಟೆಯಿಂದ ಹರಳೆಣ್ಣೆ ಚಿಮ್ಮಿತು. ನಾದಿನಿ ಮುಖಕ್ಕೆ ಎಣ್ಣೆ, ಸೀರೆಗೆ ಎಣ್ಣೆ, ಗೋಡೆ ಮೇಲಿನ ಮಾವನವರ ಫೋಟೋಗೆ ಎಣ್ಣೆ! ಆಮೇಲೆ ಒಳಗಿಂದ ಹೊಗೆ. ಹೊಗೆ ಜೊತೆಗೆ ಘಮಘಮ ಈರುಳ್ಳಿ ಒಗ್ಗರಣೆ ವಾಸನೆ.

ಕಲ್ಲೇಶಿ ಒಂದು ಪಾವು ಎಣ್ಣೆ ಖರ್ಚು ಮಾಡಿದ್ದ. ಜಾರಿಗೆ ಸವರಿ, ಮೋಟರಿಗೆ ಕುಡಿಸಿ, ವೈರಿನ ತುದೀವರೆಗೂ ನೀವಿದ್ದ.

"ಅಯ್ಯೋ ನನ್ನ ಹಣೆಬರಹವೇ! ಅದು ಕರೆಂಟಿನ ಸಾಮಾನು ಕಣೋ!" ಅಂತ ಅಕ್ಕ ತಲೆ ತಲೆ ಚಚ್ಚಿಕೊಂಡಳು. "ಕರೆಂಟಿನ ಸಾಮಾನು ಕಂಡ್ರೆ ಮೊದ್ಲು ಏನ್ಮಾಡ್ಬೇಕು? ಪ್ಲಗ್ಗು ಕೀಳ್ಬೇಕು! ಪ್ಲಗ್ಗು ಕೀಳ್ದೆ ಯಾವುದ್ರ ಹತ್ರಾನೂ ಸುಳೀಬೇಡ!"

"ಆಗ್ಲವ್ವ, ಮುಂದಿನ ಸಲ ಹಂಗೇ ಮಾಡ್ತೀನಿ."

"ತಮ್ಮಾ," ಅಂದಳು ಅಕ್ಕ ನನಗೆ, "ಇವನು ನಾಕು ಜನರ ಮುಂದೆ ಹೆಂಗೆ ತಿನ್ನೋದು ಅನ್ನೋದಾದ್ರೂ ಕಲೀಲಿ. ಹೊರಗೆ ಕರ್ಕೊಂಡು ಹೋಗಿ ಊಟ ಮಾಡ್ಸೋ."

ಊಟದ ವಿಷಯ ಅಂದರೆ ನನ್ನನ್ನೇ ಕೇಳಬೇಕು. ನಾನು ಹೋಗಿ ಕೂತರೆ ದೋಸೆ ಹುಯ್ಯೋನು ಅಂಗಿ ತೋಳು ಮಡಚಿಕೊಳ್ತಾನೆ. ಸರಿ, ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಒಂದು ದೊಡ್ಡ ಹೋಟ್ಲು ಆಗಿತ್ತು, ಅಲ್ಲಿಗೇ ಹೋದೆವು. ಗುರುವಾರ ಆದರೂ ಕಾಲಿಡೋಕೆ ಜಾಗ ಇಲ್ಲ. ಈ ಜನಾನೂ ಒಂದು ತಮಾಷೆ ನೋಡಿ. ಹೋಟ್ಲಲ್ಲಿ ತಿಂದು "ಆಹಾ, ಮನೇಲಿ ಮಾಡಿದ ಹಾಗೇ ಐತೆ" ಅಂತಾರೆ. ಮನೇಲಿ ಹೆಂಡತಿ ಬಡಿಸಿದರೆ "ಆಹಾ, ಹೋಟ್ಲಿನ ಹಾಗೇ ಐತೆ" ಅಂತಾರೆ. ಎರಡೂ ಕಡೆ ತಿಂದು ಎರಡೂ ಕಡೆ ಅವಮಾನ ಮಾಡೋದು! ನಮ್ಮ ಪಕ್ಕದ ಮೇಜಲ್ಲಿ ನಾಕು ಜನ ದೊಡ್ಡ ಮನುಷ್ಯರು ಎರಡು ಕಾಫಿ ತರಿಸಿ ನಾಕು ಮಾಡಿಕೊಂಡು, ಎಂಟು ಸಲ ಚಟ್ನಿ ಹಾಕಿಸಿಕೊಂಡರು.

"ಮಾವ, ಕೈ ತೊಳ್ಕೊಂಡು ಬರ್ತೀನಿ," ಅಂತ ಕಲ್ಲೇಶಿ ಎದ್ದು ಹೋದ. ನಾನು ಮಸಾಲೆ ದೋಸೆ ಶುರು ಮಾಡಿದೆ.

ನನ್ನ ಮೂರನೇ ದೋಸೆ ಹೊತ್ತಿಗೆ ಮೇಲಿನ ಫ್ಯಾನು ನಿಂತವು. ನಿಲ್ಲಲಿ, ಸೆಕೆಗೆ ಹೆದರೋ ಆಳಲ್ಲ ನಾನು. ಐದನೇ ದೋಸೆ ಹೊತ್ತಿಗೆ ಅಡುಗೆಮನೆಯಿಂದ ಹೊಗೆ ಹೊರಗೆ ಬರೋಕೆ ಶುರುವಾಯ್ತು, ಯಾಕಂದರೆ ಹೊಗೆ ಎಳೆಯೋ ಫ್ಯಾನು ನಿಂತಿತ್ತು. ಆರನೆಯದರ ಹೊತ್ತಿಗೆ "ಗ್ರೈಂಡರ್ ನಿಂತೋಯ್ತು, ಹಿಟ್ಟು ಇಲ್ಲ, ದೋಸೆ ಇಲ್ಲ" ಅಂತ ಒಳಗಿಂದ ಕೂಗಿದರು. ಏಳನೆಯದು ಕೊನೇದು, ಅದು ನನಗೇ ಬಂತು. ಅಷ್ಟರಲ್ಲಿ ಐಸ್‌ಕ್ರೀಮಿನ ಪೆಟ್ಟಿಗೆ ಕೆಳಗಿಂದ ಗುಲಾಬಿ ಬಣ್ಣದ ಹೊಳೆ ಹೊರಟಿತು. ಆ ಹೊಳೇಲಿ ಬಿಳಿ ಪಂಚೆಯ ಒಬ್ಬ ಯಜಮಾನರು ಕಾಲಿಟ್ಟು, ಕೂತು, ಕೂತಲ್ಲಿಂದಲೇ ಜಾರಿ, ಬಾಗಿಲವರೆಗೂ ಹೋಗಿ ನಿಂತರು.

ಹೋಟ್ಲಿನ ಮಾಲೀಕ ಕಲ್ಲೇಶಿಯ ಕಾಲರು ಹಿಡಕೊಂಡು ಬಂದ. "ಯಾರಪ್ಪ ಇವನು? ಒಂದು ಪ್ಲಗ್ಗು ಬಿಟ್ಟಿಲ್ಲ! ಎಲ್ಲಾ ಕಿತ್ತವನೆ!"

"ಯಾರೋಪ್ಪ ಇವನು!" ಅಂತ ನಾನೂ ಎಲ್ಲರ ಜೊತೆ ಜೋರಾಗೇ ಕೇಳಿದೆ. ಸಮಯಕ್ಕೆ ತಕ್ಕ ಬುದ್ಧಿ ಅಂದರೆ ಅದು.

"ಮಾವ, ಕರೆಂಟಿನ ಸಾಮಾನು ಎಷ್ಟೊಂದವೆ!" ಅಂತ ಕಲ್ಲೇಶಿ ನನ್ನ ನೋಡೇ ಅಂದ. "ಎಲ್ಲಾ ಕಿತ್ತೆ. ಆಮೇಲೇ ನಲ್ಲಿ ಹತ್ರ ಹೋದೆ."

ಮನೆಗೆ ಬಂದ ಮೇಲೆ ಅಕ್ಕನ ಬಾಯಿ ತೆರೀತು. "ಅಯ್ಯೋ ನನ್ನ ಹಣೆಬರಹವೇ! ನಿನ್ನ ಕೈ ಮುರಿಯಾ! ಯಾವುದನ್ನೂ ಮುಟ್ಟಬೇಡ! ಕೈ ಕಟ್ಕೊಂಡು ಸುಮ್ನೆ ಕೂತ್ಕೊ! ಏನೇ ಆಗ್ಲಿ, ನೋಡ್ಕೊಳ್ಳೋರು ಬಂದು ನೋಡ್ಕೋತಾರೆ!"

"ಆಗ್ಲವ್ವ, ಮುಂದಿನ ಸಲ ಹಂಗೇ ಮಾಡ್ತೀನಿ."

ಮಾಡಿದ. ಅವತ್ತು ಸಂಜೆ ಒಲೆ ಮೇಲೆ ಐದು ಲೀಟರ್ ಹಾಲು ಇಟ್ಟು, "ನೋಡ್ಕೊಳೋ" ಅಂತ ಅಕ್ಕ ಕರಿಬೇವು ಕೀಳೋಕೆ ಹಿತ್ತಿಲಿಗೆ ಹೋದಳು. ಬಂದು ನೋಡಿದರೆ ಪಾತ್ರೇಲಿ ಹಾಲಿಲ್ಲ. ಒಲೇಲಿ ಹಾಲು, ನೆಲದಲ್ಲಿ ಹಾಲು, ಹೊಸಿಲು ದಾಟಿ ಬೀದಿ ಬೆಕ್ಕುಗಳ ಬಾಯಲ್ಲಿ ಹಾಲು. ಕಲ್ಲೇಶಿ ಕೈ ಕಟ್ಟಿಕೊಂಡು ಕೂತಿದ್ದ, ಧರ್ಮರಾಯನ ಹಾಗೆ.

"ಉಕ್ಕಿದ್ದು ಕಾಣ್ಲಿಲ್ವೇನೋ?"

"ಕಾಣ್ತು ಕಣವ್ವ. ನೋಡ್ಕೊಳ್ಳೋರು ಬರ್ಲೇ ಇಲ್ಲ. ಆಮೇಲೆ, ಗೃಹಪ್ರವೇಶದಲ್ಲಿ ಹಾಲು ಉಕ್ಕಿದ್ರೆ ಎಲ್ಲಾರೂ ನಗ್ತಾರಲ್ಲ, ನಾನೂ ನಕ್ಕೆ."

"ಅಯ್ಯೋ ನನ್ನ ಹಣೆಬರಹವೇ! ಉಬ್ಬಿ ಉಬ್ಬಿ ಮೇಲಕ್ಕೆ ಬರೋದು ಕಂಡ್ರೆ ಥಟ್ ಅಂತ ತಣ್ಣೀರು ಹುಯ್ಯಬೇಕು ಕಣೋ! ಹುಯ್ದ್ರೆ ಕುಗ್ಗುತ್ತೆ!"

"ಆಗ್ಲವ್ವ, ಮುಂದಿನ..."

"ಮುಂದಿನ ಸಲ ಅನ್ಬೇಡ! ಆ ಮಾತು ಕೇಳಿದ್ರೆ ನಂಗೆ ಚಳಿ ಬರುತ್ತೆ!"

ಶನಿವಾರದ ಹೊತ್ತಿಗೆ ಅಕ್ಕ ಅರ್ಧ ಆಗಿದ್ದಳು. ಆದರೂ ಹಟ. ದೊಡ್ಡ ಕೊಳಗದಲ್ಲಿ ಇಡ್ಲಿ ಹಿಟ್ಟು ಕಲಸಿಟ್ಟು ಮಲಗಿದಳು. ಬೆಳಿಗ್ಗೆ ಕಲ್ಲೇಶಿ ಅವಳಿಗಿಂತ ಮೊದಲು ಎದ್ದ. ನೋಡ್ತಾನೆ, ಕೊಳಗದಲ್ಲಿ ಹಿಟ್ಟು ಉಬ್ಬಿ ಉಬ್ಬಿ ಮೇಲಕ್ಕೆ ಬರ್ತಾ ಐತೆ! ಬುದ್ಧಿವಂತ, ತಡ ಮಾಡಲಿಲ್ಲ. ಬಾವಿಗೆ ಓಡಿದ, ಎರಡು ಕೊಡ ತಣ್ಣೀರು ಸೇದಿ ತಂದ, ಥಟ್ ಅಂತ ಹುಯ್ದ. ಕುಗ್ಗಿತು!

"ಅವ್ವಾ! ನಿಲ್ಸಿದೆ ಕಣವ್ವಾ!" ಅಂತ ಕೂಗಿ ಎಬ್ಬಿಸಿದ.

ಏಳೂವರೆಗೆ ಗಿರಾಕಿಗಳು ಬಂದು ಬೆಂಚಿನ ಮೇಲೆ ಕೂತರು. ಮಂಡಿಯ ಹಮಾಲಿ ಒಬ್ಬ ತಟ್ಟೆ ನೋಡಿ, ಬಗ್ಗಿ ನೋಡಿ, "ಸಾವಂತ್ರಕ್ಕ, ಇವತ್ತು ಇಡ್ಲೀನ ಲೋಟದಲ್ಲಿ ಕೊಡು. ಊದ್ಕೊಂಡು ಕುಡೀತೀನಿ," ಅಂದ. ಉಳಿದೋರು ಹೊಟ್ಟೆ ಹಿಡಕೊಂಡು ನಕ್ಕರು, ತಿಂಡಿಗೆ ಬೇರೆ ಹೋಟ್ಲಿಗೆ ಹೋದರು.

ಅಕ್ಕ ಬೈಯಲಿಲ್ಲ. ಅದೇ ನನಗೆ ಭಯ ಆಗಿದ್ದು. ಮಗನನ್ನ ಎದುರಿಗೆ ಕೂರಿಸಿಕೊಂಡು, ಒಂದೊಂದೇ ಮಾತು ನಿಧಾನವಾಗಿ ಹೇಳಿದಳು.

"ಕಲ್ಲೇಶಿ. ನಾಳೆ ಬೀಗರು ಬರ್ತಾರೆ. ಇವತ್ತು ಮತ್ತೆ ಹಿಟ್ಟು ರುಬ್ಬುತೀನಿ. ಇದೇ ಕೊನೆ. ಹಿಟ್ಟು ಉಬ್ಬಿ ಬಂದ್ರೆ ಅದು ಲಕ್ಷ್ಮಿ ಕಣಪ್ಪ. ನೀರು ಹುಯ್ಯಬಾರ್ದು. ಮುಚ್ಚಳ ಮುಚ್ಚಬೇಕು. ಮುಚ್ಚಳದ ಮೇಲೆ ಗುಂಡುಕಲ್ಲು ಇಡ್ಬೇಕು. ಕಂಬಳಿ ಸುತ್ತಿ ಹಗ್ಗ ಬಿಗೀಬೇಕು. ಒಲೆ ಪಕ್ಕ ಬೆಚ್ಚಗೆ ಸೇರಿಸ್ಬೇಕು. ಯಾರು ಏನೇ ಅನ್ಲಿ, ಬೆಳಗಾಗೋವರೆಗೂ ಬಿಚ್ಚಬಾರ್ದು. ತಿಳೀತಾ?"

"ತಿಳೀತವ್ವ," ಅಂದ ಕಲ್ಲೇಶಿ. ಮುಂದಿನ ಸಲದ ಮಾತೇ ಎತ್ತಲಿಲ್ಲ. ಅಕ್ಕನ ಕಣ್ಣಲ್ಲಿ ನೀರು ಬಂತು. ಮಗ ದಾರಿಗೆ ಬಂದ ಅಂದುಕೊಂಡಳು.

ಆ ಹಿಟ್ಟಿಗೆ ಏನೂ ಆಗಲಿಲ್ಲ. ಎಲ್ಲಾ ಹೇಳಿದ ಹಾಗೇ ಮಾಡಿದ. ಸೋಮವಾರ ಬೆಳಿಗ್ಗೆ ಕಂಬಳಿ ಬಿಚ್ಚಿದರೆ ಹಿಟ್ಟು ಹತ್ತಿ ಹಾಗೆ, ಬೇಯಿಸಿದರೆ ಇಡ್ಲಿ ಮಲ್ಲಿಗೆ ಹಾಗೆ.

ಹತ್ತು ಗಂಟೆಗೆ ಮುರುಗೇಂದ್ರಪ್ಪ ಬಂದ. ಹಿಂದೆ ಶಿವಗಂಗೆ. ಹುಡುಗಿ ಗಂಡಿನ ಮನೆ ನೋಡೋಕೆ ತಾನೇ ಬರೋದುಂಟೇ ಅಂತ ಜಯಶೀಲಮ್ಮ ಕಿಟಕೀಲಿ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. "ನಾಳೆ ಒಲೆ ಮುಂದೆ ನಿಲ್ಲೋಳು ನಾನು. ಒಲೆ ನೋಡೋಕೆ ಬೇರೆಯೋರು ಯಾಕೆ?" ಅಂದಳಂತೆ ಹುಡುಗಿ ಅವರಪ್ಪನಿಗೆ.

ಮುರುಗೇಂದ್ರಪ್ಪ ಬೆಂಚಿನ ಮೇಲೆ ಕೂತ. ಬೆಂಚು ಕಿರ್ ಅಂತು. "ಬೆಂಚು ಎತ್ತರ ಆಯ್ತು," ಅಂದ. ಇಡ್ಲಿ ಬಂತು. "ಸ್ವಲ್ಪ ಬಿಸಿ ಜಾಸ್ತಿ," ಅಂದ, ತಿಂದ. ಇನ್ನೊಂದು ಬಂತು. "ಇದು ಮೆತ್ತಗಾಯ್ತು," ಅಂದ, ತಿಂದ. ಚಟ್ನಿಗೆ ಕಾಯಿ ಬಲಿತದ್ದು ಅಂದ, ತಿಂದ. ನೀರು ಸಪ್ಪೆ ಅಂದ, ಕುಡಿದ. ಹನ್ನೊಂದು ತಟ್ಟೆ ಇಡ್ಲಿಗೆ ಹನ್ನೊಂದು ತಪ್ಪು ಹುಡುಕಿ, ಹನ್ನೆರಡನೆಯದಕ್ಕೆ ತಪ್ಪು ಸಿಗದೆ ಸಿಟ್ಟು ಬಂದು ಅದನ್ನೂ ತಿಂದ. ತಿನ್ನೋದರಲ್ಲಿ ನನ್ನನ್ನ ಮೀರಿಸಿದ ಗಂಡಸನ್ನ ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ.

ಕಲ್ಲೇಶಿ ಎದುರಿಗೆ ಕೂತು ನೋಡ್ತಿದ್ದ. ಮುಖ ನೋಡ್ತಿರಲಿಲ್ಲ. ಹೊಟ್ಟೆ ನೋಡ್ತಿದ್ದ.

"ಯೋಚ್ನೆ ಮಾಡಿ ಹೇಳ್ತೀನಿ," ಅಂತ ಮುರುಗೇಂದ್ರಪ್ಪ ಅಡುಗೆಮನೆ ಬಾಗಿಲ ಹತ್ತಿರದ ಚಾಪೆ ಮೇಲೆ ಅಂಗಾತ ಬಿದ್ದುಕೊಂಡ. ಕಣ್ಣು ಮುಚ್ಚಿತು, ಗೊರಕೆ ಹತ್ತಿತು. ಅಕ್ಕ ಹುಡುಗಿಗೆ ಹಿತ್ತಿಲು ತೋರಿಸೋಕೆ ಹೋದಳು. ನಾನು ಎಲೆಅಡಿಕೆ ತರೋಕೆ ಅಂಗಡಿಗೆ ಹೋದೆ. ಒಳಗೆ ಕಲ್ಲೇಶಿ ಒಬ್ಬನೇ. ನೋಡ್ತಾನೆ, ಬಂದಾಗ ಸೊಂಟದ ಹತ್ತಿರ ಇದ್ದ ಮುರುಗೇಂದ್ರಪ್ಪನ ಹೊಟ್ಟೆ ಈಗ ಒಂದೊಂದು ಗೊರಕೆಗೂ ಉಬ್ಬಿ ಉಬ್ಬಿ ಮೇಲಕ್ಕೆ ಬರ್ತಾ ಐತೆ!

ಎಲೆಅಡಿಕೆ ಕಟ್ಟಿಸ್ತಿದ್ದ ನನಗೆ ಬೀದಿ ಕೊನೇವರೆಗೂ ಕೂಗು ಕೇಳಿಸ್ತು. ನಾನು ಬಾಗಿಲಿಂದ, ಅವರಿಬ್ಬರು ಹಿತ್ತಿಲಿಂದ, ಒಟ್ಟಿಗೇ ಓಡಿ ಬಂದೆವು.

ಒಲೆ ಪಕ್ಕದ ಮೂಲೇಲಿ ಕಂಬಳಿಯ ದೊಡ್ಡ ಗಂಟು. ಕತ್ತಿಂದ ಕಾಲಿನವರೆಗೂ ಹಗ್ಗ. ಗಂಟಿನ ನಡುವೆ ಕೊಳಗದ ಮುಚ್ಚಳ, ಮುಚ್ಚಳದ ಮೇಲೆ ಗುಂಡುಕಲ್ಲು. ತುದೀಲಿ ಮುರುಗೇಂದ್ರಪ್ಪನ ಮುಖ, ಬದನೇಕಾಯಿ ಬಣ್ಣದ್ದು.

"ಬಿಚ್ಚೋ! ಬಿಚ್ಚೋ ಮುಂಡೇದೆ!"

"ಬೆಳಗಾಗ್ಲಿ," ಅಂದ ಕಲ್ಲೇಶಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು. "ಯಾರು ಏನೇ ಅಂದ್ರೂ ಬೆಳಗಾಗೋವರೆಗೂ ಬಿಚ್ಚಬಾರ್ದು."

ಅಕ್ಕ ಗೋಡೆ ಹಿಡಕೊಂಡು ಕೂತಳು. ಹಣೆಬರಹ ಅನ್ನೋಕೂ ಬಾಯಿ ಬರಲಿಲ್ಲ. ಸೊಸೆ ಹೋದಳು, ಹೋಟ್ಲು ಹೋಯ್ತು, ಎಲ್ಲಾ ಮುಗೀತು ಅಂತ ಅವಳ ಮುಖದಲ್ಲೇ ಬರೆದಿತ್ತು.

"ಹತ್ತನೆಯೋನೂ ಬೇಡ! ಈ ಮನೆಗೆ ನನ್ನ ಮಗಳಾ? ನಾನು ಸತ್ತರೂ..." ಅಂತ ಮುರುಗೇಂದ್ರಪ್ಪ ಶುರು ಮಾಡಿದ. ಕಲ್ಲೇಶಿ ಹಗ್ಗ ಇನ್ನೊಂದು ಸುತ್ತು ಬಿಗಿದ. ಮಾತು ಉಫ್ ಅಂತ ನಿಂತಿತು.

ಶಿವಗಂಗೆ ಕಣ್ಣು ಅಗಲ ಮಾಡಿ ನೋಡಿದಳು. ಅವಳು ಹುಟ್ಟಿದಾಗಿಂದ ಅಪ್ಪನ ಮಾತು ಅರ್ಧಕ್ಕೆ ನಿಂತದ್ದು ಅದೇ ಮೊದಲಂತೆ. ಮೆಲ್ಲಗೆ ಬಂದು ಕಲ್ಲೇಶಿ ಎದುರು ಕೂತಳು.

"ಹಿಂಗೆ ಮಾಡು ಅಂತ ಯಾರು ಹೇಳಿದ್ದು?"

"ನಮ್ಮವ್ವ."

"ಅವ್ವ ಹೇಳಿದ್ದನ್ನೆಲ್ಲ ಮಾಡ್ತೀರಾ?"

"ಮಾಡ್ತೀನಿ."

"ನಾನು ಹೇಳಿದ್ರೆ?"

"ಮಾಡ್ತೀನಿ."

"ಎದುರು ಮಾತಾಡ್ದೆ?"

"ಎದುರು ಮಾತು ಹೆಂಗೆ ಆಡೋದು ಅಂತ ಯಾರೂ ಹೇಳ್ಕೊಟ್ಟಿಲ್ಲ," ಅಂದ.

ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಒಲೆ ನೋಡ್ದೆ, ಒಲೆ ಚೆನ್ನಾಗೈತೆ. ಅತ್ತೇನ ನೋಡ್ದೆ, ಅತ್ತೇನೂ ಚೆನ್ನಾಗವ್ರೆ. ಸಾರು ತೆಳು, ಸೌಟು ಸೊಟ್ಟ ಅಂತ ಒಂಬತ್ತು ಜನಾನ ನೀನು ಕಳಿಸ್ದೆ. ಇವರನ್ನ ನಾನು ಒಪ್ಪಿದೀನಿ. ನೀನು ಒಪ್ತೀಯೋ, ಇಲ್ಲ ಬೆಳಗಾಗೋವರೆಗೂ ಹಿಂಗೇ ಇರ್ತೀಯೋ?"

ಒಲೆ ಕಾವು ಏರ್ತಿತ್ತು. ಮುರುಗೇಂದ್ರಪ್ಪ ಮುಚ್ಚಳ ನೋಡಿದ, ಗುಂಡುಕಲ್ಲು ನೋಡಿದ, ಆರಡಿ ಕಲ್ಲೇಶೀನ ನೋಡಿದ. "ಒಪ್ಪಿದೆ ಕಣಮ್ಮ," ಅಂದ. ಒಂದು ತಪ್ಪೂ ಹುಡುಕಲಿಲ್ಲ.

ಗೋಡೆ ಹಿಡಕೊಂಡು ಕೂತಿದ್ದ ಅಕ್ಕ, ಮಂಡಿ ನೋವು ಮರೆತು ಎದ್ದು ನಿಂತಳು. ಸೊಸೆ ಕೈ ಹಿಡಕೊಂಡು ಅತ್ತಳು. ನಾನು ಎಲೆಅಡಿಕೆ ಹಂಚಿದೆ. ಹೆಣ್ಣು ಗೊತ್ತು ಮಾಡಿದೋನು ಯಾರು ಮತ್ತೆ?

ಖುಷಿಗೆ ಶಿವಗಂಗೆಗೂ ಸ್ವಲ್ಪ ತುಂಟತನ ಬಂತು. ಇನ್ನೂ ಬಿಚ್ಚದ ಗಂಟಿನ ಕಡೆ ನೋಡಿ, "ಅದೆಲ್ಲ ಸರಿ, ಮುಚ್ಚೋಕೆ ಮುಂಚೆ ಉಪ್ಪು ಹಾಕಿ ಕೈಯಾಡಿಸಿದ್ರಾ?" ಅಂದಳು.

ಕಲ್ಲೇಶಿ ಹಣೆ ಹಣೆ ಬಡಕೊಂಡ. "ಅಯ್ಯೋ, ಮರೆತೇ ಹೋಯ್ತು ನೋಡು!" ಅಂತ ಒಂದೇ ನೆಗೆತಕ್ಕೆ ಉಪ್ಪಿನ ಜಾಡಿ ತಂದ. ಗುಂಡುಕಲ್ಲು ಇಳಿಸಿದ, ಮುಚ್ಚಳ ತೆಗೆದ, ಕಂಬಳಿ ಸಂದೀಲಿ ಮೂರು ಹಿಡಿ ಕಲ್ಲುಪ್ಪು ಸುರಿದ. ಆಮೇಲೆ ಅಂಗಿ ತೋಳು ಮೇಲಕ್ಕೆ ಮಡಚಿ, ಮೊಣಕೈವರೆಗೂ ಕೈ ಇಳಿಸಿ, ಮಾವನವರನ್ನ ಗಂಟು ಕಟ್ಟದ ಹಾಗೆ ಚೆನ್ನಾಗಿ ಕಲಸೋಕೆ ಶುರು ಮಾಡಿದ.